ಹದಿನೈದು ಇಂಚಿನ ಲೆಕ್ಕ

ಅಮೆರಿಕದ ಶೆವ್ರೊಲೆ ಕಂಪನಿ ಒಂದೇ ಅಚ್ಚಿನ ಎರಡು ಭಾರೀ ಎಸ್‌ಯುವಿಗಳನ್ನು ಮಾರುತ್ತದೆ. ಗಿಡ್ಡನೆಯದರ ಹೆಸರು ಟಾಹೋ, ಉದ್ದನೆಯದು ಸಬರ್ಬನ್. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಮೂತಿಯೂ ಹೆಚ್ಚುಕಡಿಮೆ ಅದೇ. ಚಾಲಕನ ಸೀಟಿನಲ್ಲಿ ಕೂತವರಿಗೆ ತಾವು ಎರಡರಲ್ಲಿ ಯಾವುದರೊಳಗಿದ್ದೇವೆ ಎಂಬುದು ಹಿಂದಿರುಗಿ ನೋಡುವ ತನಕ ತಿಳಿಯಲಿಕ್ಕಿಲ್ಲ. 2021ರ ಮಾದರಿಯಾಗಿ ಬಂದ ಪೀಳಿಗೆಯಲ್ಲಿ ಟಾಹೋ 210.7 ಇಂಚು ಉದ್ದವಿದ್ದರೆ ಸಬರ್ಬನ್ 225.7 ಇಂಚು. ಸರಿಯಾಗಿ 15 ಇಂಚು ಹೆಚ್ಚು. ಬೆಲೆಯೂ ಹೆಚ್ಚು.

ಹೆಚ್ಚು ದುಡ್ಡು ಕೊಟ್ಟು ದೊಡ್ಡದನ್ನು ಕೊಂಡವರು ಎಳೆಯುವ ತಾಕತ್ತೂ ಹೆಚ್ಚಿರಲಿ ಎಂದು ಬಯಸುವುದು ಸಹಜ. ಕಂಪನಿಯ ಪಟ್ಟಿ ಬೇರೆಯದನ್ನೇ ಹೇಳುತ್ತದೆ. ಆ ಪೀಳಿಗೆಯ ಟಾಹೋ ಗರಿಷ್ಠ 8,400 ಪೌಂಡ್, ಅಂದರೆ ಸುಮಾರು 3,810 ಕಿಲೊ ತೂಕದ ಟ್ರೇಲರ್ ಎಳೆಯಬಹುದು. ಸಬರ್ಬನ್‌ನ ಮಿತಿ 8,300 ಪೌಂಡ್. ಫೋರ್ಡ್‌ನದೂ ಇದೇ ಕಥೆ. 2018ರ ಮಾದರಿಯಾಗಿ ಬಂದ ಎಕ್ಸ್‌ಪೆಡಿಷನ್‌ಗೆ 9,300 ಪೌಂಡ್, ಅದರ ಉದ್ದನೆಯ ರೂಪವಾದ ಎಕ್ಸ್‌ಪೆಡಿಷನ್ ಮ್ಯಾಕ್ಸ್‌ಗೆ 9,000 ಪೌಂಡ್.

ಹಾಗಿದ್ದರೂ ಕ್ಯಾಂಪರ್ ಟ್ರೇಲರ್ ಎಳೆದು ಪಳಗಿದ ಹಲವರು ಉದ್ದನೆಯದನ್ನೇ ಮೆಚ್ಚುತ್ತಾರೆ. ಹೆದ್ದಾರಿಯಲ್ಲಿ ಅದು ಹೆಚ್ಚು ಸಮಾಧಾನದಿಂದ ಓಡುತ್ತದೆ ಎಂಬುದು ಅವರ ಅನುಭವ. ಪಟ್ಟಿಯೂ ಸುಳ್ಳಲ್ಲ, ಅನುಭವವೂ ಸುಳ್ಳಲ್ಲ. ಒಂದು ಅಳೆಯುವುದು ತೂಕವನ್ನು, ಇನ್ನೊಂದು ಅಳೆಯುವುದು ನಡತೆಯನ್ನು. ಇವೆರಡರ ಪಕ್ಕದಲ್ಲಿ ಯಾರೂ ಹೆಚ್ಚು ಗಮನಿಸದ ಮೂರನೆಯ ಅಳತೆಯೊಂದಿದೆ. ಕೊನೆಗೆ ತೀರ್ಪು ಕೊಡುವುದು ಬಹುಮಟ್ಟಿಗೆ ಅದೇ.

ಆ ಅಂಕಿ ಎಲ್ಲಿಂದ ಬಂತು?

ಒಂದು ಕಾಲದಲ್ಲಿ ಪ್ರತಿ ಕಂಪನಿಯೂ ತನ್ನದೇ ಅಳತೆಗೋಲು ಹಿಡಿದು ತನ್ನ ವಾಹನದ ಎಳೆಯುವ ಸಾಮರ್ಥ್ಯವನ್ನು ಘೋಷಿಸಿಕೊಳ್ಳುತ್ತಿತ್ತು. ಪೈಪೋಟಿ ಏರಿದಂತೆ ಅಂಕಿಗಳೂ ಏರಿದವು. ಇದಕ್ಕೆ ಕಡಿವಾಣ ಹಾಕಲು ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2008ರಲ್ಲಿ ಜೆ2807 ಎಂಬ ಮಾನದಂಡವನ್ನು ಪ್ರಕಟಿಸಿತು. ಮೊದಲು ಒಪ್ಪಿಕೊಂಡದ್ದು ಟೊಯೊಟಾ, ತನ್ನ 2011ರ ಮಾದರಿಗಳಿಗೆ. ಉಳಿದವರು ನಿಧಾನವಾಗಿ ಹಿಂದೆ ಬಂದರು.

ಈ ಮಾನದಂಡದ ಕಠಿಣ ಪರೀಕ್ಷೆಯ ಮಾದರಿ ಅರಿಜೋನಾದ ಒಂದು ಮರುಭೂಮಿ ರಸ್ತೆ. ಕೊಲರಾಡೊ ನದಿಗೆ ಕಟ್ಟಿದ ಡೇವಿಸ್ ಅಣೆಕಟ್ಟೆಯ ಹತ್ತಿರ ಶುರುವಾಗಿ ಯೂನಿಯನ್ ಪಾಸ್ ಕಣಿವೆಯ ಕಡೆಗೆ ಸುಮಾರು 18 ಕಿಲೊಮೀಟರ್ ಒಂದೇ ಸಮನೆ ಏರುತ್ತದೆ. ಹೊರಗೆ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಸೆಕೆ ಇರಬೇಕು, ಒಳಗೆ ಏಸಿ ಪೂರ್ತಿ ಓಡುತ್ತಿರಬೇಕು, ಹಿಂದೆ ಗರಿಷ್ಠ ತೂಕದ ಟ್ರೇಲರ್ ಇರಬೇಕು. ಎಸ್‌ಯುವಿಯ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು, ಎಂಜಿನ್ ಕುದಿಯಬಾರದು. ಸಮತಟ್ಟಿನಲ್ಲಿ ಅದೇ ಭಾರ ಹೊತ್ತು ನಿಂತಲ್ಲಿಂದ 60 ಮೈಲಿ ವೇಗ ಮುಟ್ಟಲು 30 ಸೆಕೆಂಡ್ ಗಡುವು. ಶೇ 12ರ ಏರಿನಲ್ಲಿ ನಿಂತು ಮುಂದಕ್ಕೂ ಹಿಂದಕ್ಕೂ ಹೊರಡುವ ಪರೀಕ್ಷೆ ಬೇರೆ.

ಇವೆಲ್ಲ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರುಗಳ ಪರೀಕ್ಷೆ. ಟಾಹೋ, ಸಬರ್ಬನ್ ಎರಡರಲ್ಲೂ ಇವು ಒಂದೇ ಆದ್ದರಿಂದ ವಾಹನ ಮತ್ತು ಟ್ರೇಲರ್ ಸೇರಿದ ಒಟ್ಟು ತೂಕದ ಮಿತಿಯೂ ಹೆಚ್ಚುಕಡಿಮೆ ಒಂದೇ. ಆ ಒಟ್ಟಿನಿಂದ ವಾಹನದ ಸ್ವಂತ ತೂಕವನ್ನು ಕಳೆದರೆ ಉಳಿಯುವುದು ಟ್ರೇಲರ್‌ನ ಪಾಲು. 15 ಇಂಚು ಹೆಚ್ಚಿನ ಕಬ್ಬಿಣ, ಗಾಜು, ರತ್ನಗಂಬಳಿಗಳ ತೂಕ ಸಬರ್ಬನ್‌ನ ಲೆಕ್ಕಕ್ಕೆ ಸೇರುತ್ತದೆ, ಟ್ರೇಲರ್‌ನ ಪಾಲು ಅಷ್ಟು ಇಳಿಯುತ್ತದೆ. ಪಟ್ಟಿಯ ಒಗಟಿನಲ್ಲಿ ಇರುವುದು ಇಷ್ಟೇ ವ್ಯವಕಲನ.

ರಸ್ತೆಯ ಮೇಲೆ ಈ ಹೆಚ್ಚುವರಿ ತೂಕ ಎಷ್ಟು ಕಾಡುತ್ತದೆ? ವಾಹನ, ಟ್ರೇಲರ್, ಜನ, ಸಾಮಾನು ಎಲ್ಲ ಸೇರಿ 6,300 ಕಿಲೊ ಎನ್ನೋಣ. ಶೇ 6ರ ಏರನ್ನು ಗಂಟೆಗೆ 100 ಕಿಲೊಮೀಟರ್ ವೇಗದಲ್ಲಿ ಹತ್ತಲು, ಗಾಳಿಯ ತಡೆಯನ್ನು ಬಿಟ್ಟು, ಬರೀ ಗುರುತ್ವದ ವಿರುದ್ಧ ಸುಮಾರು 138 ಅಶ್ವಶಕ್ತಿ ಬೇಕು. ವಾಹನ ಇನ್ನೂ 100 ಕಿಲೊ ಭಾರವಾದರೆ ಹೆಚ್ಚು ಬೇಕಾಗುವುದು ಎರಡು ಅಶ್ವಶಕ್ತಿ ಚಿಲ್ಲರೆ. 355 ಅಶ್ವಶಕ್ತಿಯ ವಿ8 ಎಂಜಿನ್‌ಗೆ ಅದು ಗೊತ್ತೂ ಆಗುವುದಿಲ್ಲ. ಎರಡರಲ್ಲೂ ಒಂದೇ ಎಂಜಿನ್ ಇರುವಾಗ ಆ ನೂರು ಪೌಂಡಿನ ಅಂತರ ನೋಡಿ ಗಾಡಿ ಆರಿಸುವುದರಲ್ಲಿ ಅರ್ಥವಿಲ್ಲ.

ಆ ಇಂಚುಗಳು ಸೇರಿದ ಜಾಗ

ಉದ್ದ ಹೆಚ್ಚಿತು, ಸರಿ. ಹೆಚ್ಚಿದ್ದು ಎಲ್ಲಿ? ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಟಾಹೋದ ವೀಲ್‌ಬೇಸ್ 120.9 ಇಂಚು, ಸಬರ್ಬನ್‌ನದು 134.1. ಅಂದರೆ 15 ಇಂಚಿನಲ್ಲಿ 13.2 ಇಂಚು ಎರಡು ಆಕ್ಸಲ್‌ಗಳ ನಡುವೆಯೇ ಸೇರಿದೆ. ಬಾಲ ಮಾತ್ರ ಬೆಳೆದಿದ್ದರೆ ಇದು ಟ್ರೇಲರ್ ಎಳೆಯಲು ಕೆಟ್ಟ ಗಾಡಿಯಾಗುತ್ತಿತ್ತು. ಬೆಳೆದದ್ದು ಹೊಟ್ಟೆ ಎಂಬುದರಿಂದ ಕಥೆ ಬೇರೆಯಾಯಿತು.

ಇದು ಅರ್ಥವಾಗಲು ಟ್ರೇಲರ್ ಗಾಡಿಯ ಮೇಲೆ ಹೇಗೆ ಭಾರ ಹಾಕುತ್ತದೆ ಎಂಬುದನ್ನು ನೋಡಬೇಕು. ಟ್ರೇಲರ್‌ನ ಗಾಲಿಗಳು ಅದರ ಪೂರ್ತಿ ತೂಕವನ್ನು ಹೊರುವುದಿಲ್ಲ. ತೂಕದ ಶೇ 10ರಿಂದ 15ರಷ್ಟು ಪಾಲು ಮುಂದಿನ ಕೊಂಡಿಯ ಮೂಲಕ ಎಳೆಯುವ ವಾಹನದ ಹಿಚ್ ಮೇಲೆ, ಅಂದರೆ ಟ್ರೇಲರ್ ಸಿಕ್ಕಿಸುವ ಹಿಂತುದಿಯ ಮೇಲೆ, ಕೂರಬೇಕು. ಇದೇ ಟಂಗ್ ವೇಟ್. ಎತ್ತಿನ ಗಾಡಿಗೆ ಹುಲ್ಲು ಹೇರುವವರಿಗೆ ಈ ಹದ ಚೆನ್ನಾಗಿ ಗೊತ್ತು: ಹಿಂಭಾರವಾದರೆ ನೊಗ ಮೇಲೆದ್ದು ಜೊತ್ತಿಗೆ ಎತ್ತಿನ ಕೊರಳನ್ನು ಬಿಗಿಯುತ್ತದೆ, ಮುಂಭಾರ ಅತಿಯಾದರೆ ಹೆಗಲು ಕುಸಿಯುತ್ತದೆ. ಟ್ರೇಲರ್‌ಗೂ ಹೇರುವ ಸಾಮಾನಿನಲ್ಲಿ ಸುಮಾರು ಶೇ 60 ಅದರ ಮುಂದಿನ ಅರ್ಧದಲ್ಲಿರಲಿ ಎನ್ನುವುದು ಇದಕ್ಕೇ.

ಈ ಭಾರ ಬೀಳುವುದು ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲಲ್ಲ, ಅದರಿಂದ ಹಿಂದಕ್ಕೆ ಚಾಚಿಕೊಂಡ ತುದಿಯ ಮೇಲೆ. ಹಾಗಾಗಿ ಇಡೀ ವಾಹನ ಹಿಂದಿನ ಆಕ್ಸಲ್ ಸುತ್ತ ತಿರುಗುವ ಸನ್ನೆಗೋಲಾಗುತ್ತದೆ. ಹಿಂತುದಿಯನ್ನು ಒತ್ತಿದರೆ ಮುಂತುದಿ ಏಳುತ್ತದೆ. ಎಷ್ಟು ಏಳುತ್ತದೆ ಎಂಬುದು ಎರಡು ಉದ್ದಗಳ ಅನುಪಾತ: ಆಕ್ಸಲ್‌ನಿಂದ ಹಿಚ್‌ಗೆ ಇರುವ ದೂರ ಮತ್ತು ವೀಲ್‌ಬೇಸ್.

ಅಂಕಿ ಹಾಕಿ ನೋಡೋಣ. ಎರಡೂ ಗಾಡಿಗಳಲ್ಲಿ ಹಿಚ್ ಹಿಂದಿನ ಆಕ್ಸಲ್‌ನಿಂದ 1.5 ಮೀಟರ್ ಹಿಂದಿದೆ, ಟಂಗ್ ವೇಟ್ 360 ಕಿಲೊ ಎಂದಿಟ್ಟುಕೊಳ್ಳಿ. ಟಾಹೋದ ಮುಂದಿನ ಆಕ್ಸಲ್ ಮೇಲಿಂದ ಸುಮಾರು 176 ಕಿಲೊ ಭಾರ ಎದ್ದುಹೋಗುತ್ತದೆ, ಹಿಂದಿನ ಆಕ್ಸಲ್‌ಗೆ 536 ಕಿಲೊ ಸೇರುತ್ತದೆ. ಕೊಂಡಿಯ ಮೇಲೆ ಇಟ್ಟದ್ದು 360, ಹಿಂದಿನ ಗಾಲಿಗಳು ಹೊತ್ತದ್ದು 536! ಸಬರ್ಬನ್‌ನಲ್ಲಿ ಈ ಅಂಕಿಗಳು 159 ಮತ್ತು 519. ಸ್ಟೀರಿಂಗ್ ಇರುವುದು ಮುಂದಿನ ಗಾಲಿಗಳಲ್ಲಿ, ಬ್ರೇಕಿನ ಬಹುಪಾಲು ಕೆಲಸವೂ ಅಲ್ಲೇ. ಅವು ಹಗುರಾದಷ್ಟೂ ಹಿಡಿತ ಸಡಿಲ. ಉದ್ದನೆಯ ಗಾಡಿಯಲ್ಲಿ ಈ ನಷ್ಟ ಹತ್ತನೇ ಒಂದು ಪಾಲು ಕಡಿಮೆ.

ಹತ್ತನೇ ಒಂದು ಪಾಲು ಎಂದರೆ ದೊಡ್ಡ ಗೆಲುವೇನಲ್ಲ. ಇದಕ್ಕಿಂತ ಹೆಚ್ಚಿನದನ್ನು ಭಾರ ಹಂಚುವ ಹಿಚ್ ಮಾಡಿಕೊಡುತ್ತದೆ. ಅದರ ಎರಡು ಉಕ್ಕಿನ ಸ್ಪ್ರಿಂಗ್ ಸರಳುಗಳು ಕೊಂಡಿಯನ್ನು ಬಾಗದಂತೆ ಬಿಗಿಹಿಡಿದು, ಹಿಂದಿನ ಆಕ್ಸಲ್‌ಗೆ ಬಿದ್ದ ಹೊರೆಯ ಒಂದು ಪಾಲನ್ನು ಮುಂದಿನ ಗಾಲಿಗಳಿಗೂ ಇನ್ನೊಂದು ಪಾಲನ್ನು ಟ್ರೇಲರ್‌ನ ಗಾಲಿಗಳಿಗೂ ಮರಳಿಸುತ್ತವೆ. ಭಾರೀ ಟ್ರೇಲರ್ ಎಳೆಯುವವರು ಗಿಡ್ಡನೆಯದನ್ನು ಕೊಂಡರೂ ಉದ್ದನೆಯದನ್ನು ಕೊಂಡರೂ ಈ ಹಿಚ್‌ಗೆ ದುಡ್ಡು ತೆಗೆದಿಡಲೇಬೇಕು.

ಟ್ರೇಲರ್ ಓಲಾಡಿದಾಗ

ವೀಲ್‌ಬೇಸ್‌ನ ನಿಜವಾದ ಬೆಲೆ ತಿಳಿಯುವುದು ನಿಂತ ಗಾಡಿಯಲ್ಲಲ್ಲ, ಓಡುವ ಗಾಡಿಯಲ್ಲಿ. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುತ್ತದೆ. ಅದು ಒತ್ತರಿಸಿಕೊಂಡು ಬಂದ ಗಾಳಿ ಟ್ರೇಲರ್‌ನ ಅಗಲವಾದ ಪಕ್ಕೆಯನ್ನು ಅತ್ತ ದಬ್ಬುತ್ತದೆ. ಟ್ರೇಲರ್ ಕೊಂಡಿಯ ಸುತ್ತ ಸ್ವಲ್ಪ ತಿರುಗುತ್ತದೆ, ಅದರ ಟೈರುಗಳು ಅದನ್ನು ಮತ್ತೆ ಸಾಲಿಗೆ ಎಳೆಯುತ್ತವೆ, ಅದು ಸಾಲು ದಾಟಿ ಇತ್ತ ವಾಲುತ್ತದೆ. ನೆಲಕ್ಕೆ ಸಮಾನಾಂತರವಾಗಿ ಮಲಗಿಸಿದ ಲೋಲಕ ಇದು. ಪ್ರತಿ ಓಲಾಟದಲ್ಲೂ ಟೈರಿನ ಹಿಡಿತ ಒಂದಿಷ್ಟು ಶಕ್ತಿಯನ್ನು ನುಂಗುತ್ತದೆ. ಎರಡು ಮೂರು ಓಲಾಟದಲ್ಲಿ ಎಲ್ಲ ಶಾಂತ.

ವೇಗ ಹೆಚ್ಚಿದಂತೆ ಈ ನುಂಗುವ ಸಾಮರ್ಥ್ಯ ಇಳಿಯುತ್ತಾ ಹೋಗುತ್ತದೆ. ಪ್ರತಿ ಜೋಡಿಗೂ ಒಂದು ನಿರ್ಣಾಯಕ ವೇಗವಿರುತ್ತದೆ. ಅದನ್ನು ದಾಟಿದರೆ ಓಲಾಟ ತಣಿಯುವ ಬದಲು ತಾನಾಗಿಯೇ ಬೆಳೆಯುತ್ತದೆ. ಟ್ರೇಲರ್ ಹಿಂಭಾರವಾಗಿದ್ದರೆ ಆ ನಿರ್ಣಾಯಕ ವೇಗ ಕೆಳಕ್ಕಿಳಿಯುತ್ತದೆ. ಟ್ರೆಡ್‌ಮಿಲ್ ಮೇಲೆ ಆಟಿಕೆ ಟ್ರೇಲರ್ ಓಡಿಸಿ ಇದನ್ನು ತೋರಿಸಬಹುದು. ತೂಕದ ಬಿಲ್ಲೆ ಮುಂದಿದ್ದಾಗ ಬೆರಳಿನಿಂದ ತಳ್ಳಿದರೂ ಅದು ನೆಟ್ಟಗಾಗುತ್ತದೆ, ಬಿಲ್ಲೆಯನ್ನು ಹಿಂದೆ ಸರಿಸಿದರೆ ಒಂದೇ ತಳ್ಳುವಿಕೆಗೆ ಹುಚ್ಚೆದ್ದು ಮಗುಚುತ್ತದೆ. ಟ್ರೇಲರ್ ಎಳೆಯುವ ವಾಹನಗಳಿಗೆ ಕ್ಯಾಲಿಫೋರ್ನಿಯಾ ಗಂಟೆಗೆ 55 ಮೈಲಿಯ ಮಿತಿ ಹಾಕಿರುವುದರ ಹಿಂದಿನ ಭೌತವಿಜ್ಞಾನವನ್ನು ಇಲ್ಲಿ ಕಾಣಬಹುದು.

ಓಲಾಡುವ ಟ್ರೇಲರ್ ಕೊಂಡಿಯನ್ನು ಎಡಕ್ಕೂ ಬಲಕ್ಕೂ ಜಗ್ಗುತ್ತದೆ. ಎಳೆಯುವ ವಾಹನ ಅದಕ್ಕೆ ಮಣಿದು ತಾನೂ ಬಾಲ ಆಡಿಸಿದರೆ ಇಬ್ಬರೂ ಒಬ್ಬರನ್ನೊಬ್ಬರು ಕೆಣಕಿಕೊಂಡು ಓಲಾಟ ದ್ವಿಗುಣವಾಗುತ್ತದೆ. ಮಣಿಯದಿದ್ದರೆ ತಣಿಯುತ್ತದೆ. ಮಣಿಯದಿರುವ ಗುಣ ವೀಲ್‌ಬೇಸ್‌ನ ವರ್ಗದೊಂದಿಗೆ ಬೆಳೆಯುತ್ತದೆ ಎಂಬುದೇ ಇಲ್ಲಿನ ಸೊಗಸು. ವಾಹನ ತನ್ನ ನಡುವಿನ ಸುತ್ತ ತಿರುಗಲು ಹೊರಟಾಗ, ನಡುವಿನಿಂದ ದೂರವಿರುವ ಟೈರು ಹೆಚ್ಚು ವೇಗದಲ್ಲಿ ಅಡ್ಡ ಜಾರಬೇಕಾಗುತ್ತದೆ, ಆದ್ದರಿಂದ ಹೆಚ್ಚು ಬಲದಿಂದ ಪ್ರತಿರೋಧಿಸುತ್ತದೆ. ಆ ಬಲ ಕೆಲಸ ಮಾಡುವ ತೋಳೂ ಉದ್ದವಿರುತ್ತದೆ. ದೂರದ ಲಾಭ ಎರಡು ಬಾರಿ ಗುಣವಾಯಿತು. ಸಬರ್ಬನ್‌ನ ವೀಲ್‌ಬೇಸ್ ಟಾಹೋಗಿಂತ ಶೇ 11ರಷ್ಟು ಹೆಚ್ಚು. ಟೈರುಗಳು ಒಂದೇ ಎಂದಿಟ್ಟುಕೊಂಡ ಸರಳ ಲೆಕ್ಕದಲ್ಲಿ ತಿರುಗಾಟವನ್ನು ತಡೆಯುವ ಸಾಮರ್ಥ್ಯ ಶೇ 23ರಷ್ಟು ಹೆಚ್ಚುತ್ತದೆ. ಕೊಂಡಿಯನ್ನು ಹಿಡಿದು ಗಾಡಿಯನ್ನು ತಿರುಗಿಸುವ ಟ್ರೇಲರ್‌ನ ತೋಳಿಗೆ ಇದೇ ಬದಲಾವಣೆಯಿಂದ ಸಿಗುವುದು ಸುಮಾರು ಶೇ 6 ಮಾತ್ರ. ಜಗ್ಗುವವನು ಆರು ಪಾಲು ಬಲಿತರೆ ತಡೆಯುವವನು ಇಪ್ಪತ್ತಮೂರು ಪಾಲು ಬಲಿತ. ಪಳಗಿದ ಚಾಲಕರು ಹೇಳುವ ಸಮಾಧಾನ ಇಲ್ಲಿಂದ ಬರುತ್ತದೆ.

ಇದನ್ನು ನೆಚ್ಚಿ ಹಿಂಭಾರ ಹೇರಿದರೆ ಯಾವ ವೀಲ್‌ಬೇಸ್ ಕೂಡ ಕಾಪಾಡದು. ಓಲಾಟ ಶುರುವಾದರೆ ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು, ವೇಗ ಹೆಚ್ಚಿಸಲೂಬಾರದು. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್‌ನ ಬ್ರೇಕ್ ಒಂದನ್ನೇ ಕೈಯಿಂದ ಹಾಕಿದರೆ ಅದು ಹಿಂದಕ್ಕೆ ಜಗ್ಗಿ ಸಾಲಿಗೆ ಬರುತ್ತದೆ.

ಜಾಗ ಇದೆ, ಹೊರುವ ಅನುಮತಿ ಇಲ್ಲ

ಈಗ ಆ ಮೂರನೆಯ ಅಳತೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಒಂದು ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಅದು ಹೇಳುತ್ತದೆ. ಇದೇ ಪೇಲೋಡ್. ಈ ವರ್ಗದ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 700ರಿಂದ 800 ಕಿಲೊ. ಕೊಂಡಿಯ ಮೇಲೆ ಕೂತ ಟಂಗ್ ವೇಟ್ ಕೂಡ ಇದೇ ಖಾತೆಗೆ ಬರೆಯಬೇಕಾದ ಖರ್ಚು.

ಜಾಹೀರಾತಿನ ಎಳೆತದ ಅಂಕಿಯನ್ನು ಲೆಕ್ಕ ಹಾಕುವಾಗ ಜೆ2807 ಗಾಡಿಯೊಳಗೆ ಕೂರಿಸುವುದು ಇಬ್ಬರನ್ನು, ತಲಾ 68 ಕಿಲೊ. ಏಳೆಂಟು ಸೀಟಿನ ಗಾಡಿಯನ್ನು ಇಬ್ಬರಿಗಾಗಿ ಯಾರೂ ಕೊಳ್ಳುವುದಿಲ್ಲ. ಒಂದು ಕುಟುಂಬವನ್ನು ಕೂರಿಸಿ ನೋಡೋಣ. ಚೀಟಿಯ ಮೇಲೆ 750 ಕಿಲೊ ಇದೆ. 3,000 ಕಿಲೊ ತೂಕದ ಕ್ಯಾಂಪರ್, ಅದರ ಶೇ 12 ಅಂದರೆ 360 ಕಿಲೊ ಕೊಂಡಿಯ ಮೇಲೆ. ಭಾರ ಹಂಚುವ ಹಿಚ್‌ನ ತೂಕವೇ 40 ಕಿಲೊ. ಉಳಿದದ್ದು 350. ಅಪ್ಪ, ಅಮ್ಮ, ಅಜ್ಜ, ಅಜ್ಜಿ ತಲಾ 75 ಕಿಲೊ, ಇಬ್ಬರು ಮಕ್ಕಳು ತಲಾ 30. ಒಟ್ಟು 360. ಒಂದು ಸೂಟ್‌ಕೇಸ್ ಕೂಡ ಇಡುವ ಮೊದಲೇ ಗಾಡಿ 10 ಕಿಲೊ ಮಿತಿಮೀರಿತು. ಎಳೆತದ ಖಾತೆಯಲ್ಲಿ ಇನ್ನೂ ಮುಕ್ಕಾಲು ಟನ್ ಬಾಕಿ ಇರುವಾಗಲೇ ಹೊರುವ ಖಾತೆ ಬರಿದಾಯಿತು. ಭಾರ ಹಂಚುವ ಹಿಚ್ ಸ್ವಲ್ಪ ಭಾರವನ್ನು ಟ್ರೇಲರ್‌ಗೆ ಮರಳಿಸೀತು, ಆದರೆ ಅದನ್ನೇ ನಂಬಿ ಅಜ್ಜಿಯ ಟ್ರಂಕು ಹೇರುವಂತಿಲ್ಲ.

ಉದ್ದನೆಯ ಗಾಡಿಯ ದೊಡ್ಡ ಆಕರ್ಷಣೆ ಅದರ ಡಿಕ್ಕಿ. ಮೂರನೇ ಸಾಲಿನ ಹಿಂದೆ ಟಾಹೋದಲ್ಲಿ 25.5 ಘನ ಅಡಿ, ಸಬರ್ಬನ್‌ನಲ್ಲಿ 41.5 ಘನ ಅಡಿ. ಜಾಗ ಶೇ 60ಕ್ಕೂ ಹೆಚ್ಚು ಬೆಳೆದಿದೆ, ಪೇಲೋಡ್ ಮಾತ್ರ ಹೇಳಿಕೊಳ್ಳುವಂತೆ ಬೆಳೆದಿಲ್ಲ. ಸ್ಪ್ರಿಂಗು, ಆಕ್ಸಲ್, ಟೈರುಗಳು ಎರಡಕ್ಕೂ ಬಹುಮಟ್ಟಿಗೆ ಒಂದೇ ದರ್ಜೆಯವು. ಡಿಕ್ಕಿ ಕೂತಿರುವುದೂ ಹಿಂದಿನ ಆಕ್ಸಲ್‌ನ ಮೇಲೆ ಮತ್ತು ಅದರ ಹಿಂದೆ, ಅಂದರೆ ಟ್ರೇಲರ್ ಈಗಾಗಲೇ ಒತ್ತುತ್ತಿರುವ ಜಾಗದಲ್ಲೇ. ಖಾಲಿ ಜಾಗ ಕಂಡರೆ ತುಂಬುವುದು ಮನುಷ್ಯ ಸ್ವಭಾವ. ಜನರೇಟರ್, ನೀರಿನ ಕ್ಯಾನು, ಸೌದೆ ಅಲ್ಲಿ ಸೇರಿದರೆ ಉದ್ದನೆಯ ಗಾಡಿ ಗಿಡ್ಡದಕ್ಕಿಂತ ಬೇಗ ಮಿತಿ ದಾಟುತ್ತದೆ. ಹಾಸಿಗೆ, ಟೆಂಟು, ಸೈಕಲ್, ತಳ್ಳುಗಾಡಿಯಂಥ ಬಲು ಜಾಗ ಕೇಳುವ ಹಗುರ ಸಾಮಾನಿಗೆ ಮಾತ್ರ ಆ 41.5 ಘನ ಅಡಿ ವರದಾನ.

ಉದ್ದದ ಜೊತೆ ಬಲವೂ ಬರುತ್ತಿದ್ದ ಕಾಲವೊಂದಿತ್ತು. ಸಬರ್ಬನ್ ಹೆಸರು 1935ರಷ್ಟು ಹಳೆಯದು. ಆಗ ಅದು ಅರ್ಧ ಟನ್ ಲಾರಿಯ ಚಾಸಿಯ ಮೇಲೆ ಕಟ್ಟಿದ ಎಂಟು ಸೀಟಿನ ವಾಹನ. ಮುಂದೆ ಮುಕ್ಕಾಲು ಟನ್ ದರ್ಜೆಯ 2500 ಆವೃತ್ತಿಯೂ ಬಂತು. ಅದರ ಆಕ್ಸಲ್, ಸ್ಪ್ರಿಂಗುಗಳೇ ಬೇರೆ, ಗಟ್ಟಿ. ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ 2013ರ ಮಾದರಿಯೊಂದಿಗೆ ನಿಂತಿತು. ಫೋರ್ಡ್ ತನ್ನ ಸೂಪರ್ ಡ್ಯೂಟಿ ಪಿಕಪ್‌ನ ಚಾಸಿಯ ಮೇಲೆ ಕಟ್ಟಿದ ಎಕ್ಸ್‌ಕರ್ಷನ್ ಅದಕ್ಕೂ ಮೊದಲೇ, 2005ರ ಮಾದರಿಯೊಂದಿಗೆ ಮುಗಿದಿತ್ತು. ಇಂದಿನ ಉದ್ದನೆಯ ಎಸ್‌ಯುವಿ ಅವುಗಳಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ದರ್ಜೆ ಅರ್ಧ ಟನ್ನಿನದು. 2021ರ ಮಾದರಿಯಲ್ಲಿ ಬಂದ ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಮೂರನೇ ಸಾಲಿಗೆ ಕಾಲು ಚಾಚುವ ಜಾಗ ಕೊಟ್ಟಿತು, ಸವಾರಿಯನ್ನು ಮೃದು ಮಾಡಿತು. ಭಾರೀ ಲಾರಿಯ ಗುಣ ಕೊಡಲಿಲ್ಲ.

ಉದ್ದಕ್ಕೆ ತೆರುವ ಸುಂಕ

ಹೆದ್ದಾರಿಯಲ್ಲಿ ತಿರುಗಲು ಒಪ್ಪದ ಗಾಡಿ ಪೇಟೆಯಲ್ಲೂ ತಿರುಗಲು ಒಪ್ಪುವುದಿಲ್ಲ. ಮುಂದಿನ ಗಾಲಿಗಳು ತಿರುಗುವ ಕೋನ ಒಂದೇ ಆದರೆ ತಿರುವಿನ ತ್ರಿಜ್ಯ ವೀಲ್‌ಬೇಸ್‌ನಷ್ಟೇ ಪಾಲು ಹೆಚ್ಚುತ್ತದೆ, ಇಲ್ಲಿ ಶೇ 11. ಪೆಟ್ರೋಲ್ ಬಂಕಿನ ಕಿರಿದಾದ ತಿರುವು, ಕ್ಯಾಂಪಿಂಗ್ ತಾಣದ ಮರಗಳ ನಡುವಿನ ದಾರಿಯಲ್ಲಿ ಇದು ಗೊತ್ತಾಗುತ್ತದೆ. ಅಮೆರಿಕದ ಮನೆಗಳ ಗ್ಯಾರೇಜು ಸಾಮಾನ್ಯವಾಗಿ 20 ಅಡಿ ಆಳ. ಟಾಹೋ ನಿಲ್ಲಿಸಿದರೆ ಮುಂದೆ ಹಿಂದೆ ಸೇರಿ 29 ಇಂಚು ಉಳಿಯುತ್ತದೆ. ಸಬರ್ಬನ್ ನಿಲ್ಲಿಸಿದರೆ 14 ಇಂಚು, ಹಿಚ್‌ನ ತುದಿ ಚಾಚಿದ್ದರೆ ಅದೂ ಇಲ್ಲ. ದೋಣಿಯನ್ನು ಕೆರೆಗಿಳಿಸುವ ಇಳಿಜಾರಿನ ಅಂಚಿನಲ್ಲಿ ಉದ್ದನೆಯ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ.

ಟ್ರೇಲರನ್ನು ಹಿಮ್ಮುಖವಾಗಿ ತಳ್ಳುವಾಗ ಮಾತ್ರ ಉದ್ದನೆಯದು ಒಂದು ಕೈ ಮೇಲು. ಹಿಂದಕ್ಕೆ ತಳ್ಳಿದ ಟ್ರೇಲರ್ ತಾನಾಗಿ ನೆಟ್ಟಗಿರುವುದಿಲ್ಲ, ಕೋನ ಒಮ್ಮೆ ಮೂಡಿದರೆ ಬೆಳೆಯುತ್ತಲೇ ಹೋಗುತ್ತದೆ. ಉದ್ದನೆಯ ಗಾಡಿಯ ಬಾಲ ಸ್ಟೀರಿಂಗ್‌ಗೆ ನಿಧಾನವಾಗಿ ಸ್ಪಂದಿಸುವುದರಿಂದ ಚಾಲಕನ ಸಣ್ಣ ತಪ್ಪುಗಳು ದೊಡ್ಡದಾಗಲು ಹೆಚ್ಚು ಹೊತ್ತು ಬೇಕು.

ಯಾರಿಗೆ ಯಾವುದು

ಹಾಗಾದರೆ ಆರಿಸುವುದು ಹೇಗೆ? ಮೊದಲು ಟ್ರೇಲರ್‌ನ ತುಂಬಿದ ತೂಕದ ಶೇ 12ರಿಂದ 15 ತೆಗೆದುಕೊಳ್ಳಿ. ಅದಕ್ಕೆ ಹಿಚ್, ಜನ, ಸಾಮಾನು ಕೂಡಿಸಿ. ಆ ಮೊತ್ತವನ್ನು ಜಾಹೀರಾತಿನ ಅಂಕಿಯೊಡನೆ ಹೋಲಿಸಬೇಡಿ, ನೀವು ಕೊಳ್ಳಲಿರುವ ಅದೇ ಗಾಡಿಯ ಬಾಗಿಲಿನ ಚೀಟಿಯೊಡನೆ ಹೋಲಿಸಿ. ಸನ್‌ರೂಫ್, ದೊಡ್ಡ ಗಾಲಿ, ಚರ್ಮದ ಸೀಟು ಪ್ರತಿಯೊಂದೂ ಪೇಲೋಡ್‌ನಿಂದ ಕಳೆಯುವುದರಿಂದ ಒಂದೇ ಮಾದರಿಯ ಎರಡು ಗಾಡಿಗಳ ಚೀಟಿಯೂ ಒಂದೇ ಇರುವುದಿಲ್ಲ. ಮೊತ್ತ ಚೀಟಿಯನ್ನು ಮೀರಿದರೆ ಗಿಡ್ಡ, ಉದ್ದ ಎಂಬ ಚರ್ಚೆಯೇ ವ್ಯರ್ಥ. ನಿಮಗೆ ಬೇಕಾದದ್ದು ಮುಕ್ಕಾಲು ಟನ್ ದರ್ಜೆಯ ಪಿಕಪ್, ಇಲ್ಲವೇ ಹಗುರವಾದ ಟ್ರೇಲರ್.

ಮೊತ್ತ ಒಳಗೇ ಇದ್ದರೆ ಮುಂದಿನ ಪ್ರಶ್ನೆ ಟ್ರೇಲರ್‌ನ ಆಕಾರ. ಎತ್ತರದ ಪಕ್ಕೆಯ, ಉದ್ದನೆಯ ಕ್ಯಾಂಪರ್ ಎಳೆದು ಹೆದ್ದಾರಿಯಲ್ಲಿ ದಿನಗಟ್ಟಲೆ ಓಡುವವರಿಗೆ ಉದ್ದನೆಯ ವೀಲ್‌ಬೇಸ್ ಕೊಡುವ ಸ್ಥಿರತೆ ಆ ನೂರು ಪೌಂಡ್ ನಷ್ಟಕ್ಕಿಂತ ಬೆಲೆಬಾಳುತ್ತದೆ. ಗಾಳಿಗೆ ಹೆಚ್ಚು ಸಿಗದ ತಗ್ಗಿನ ದೋಣಿಯನ್ನು ವಾರಾಂತ್ಯಕ್ಕೊಮ್ಮೆ ಹತ್ತಿರದ ಸರೋವರಕ್ಕೆ ಒಯ್ಯುವವರಿಗೆ, ಉಳಿದ ದಿನ ಶಾಲೆ, ಆಫೀಸಿನ ಪಾರ್ಕಿಂಗ್‌ನಲ್ಲಿ ಗುದ್ದಾಡುವವರಿಗೆ, ಗಿಡ್ಡನೆಯದೇ ಸಾಕು. ಟ್ರೇಲರ್ ಇಲ್ಲದೆ ಜನ ಮತ್ತು ಹಗುರ ಸಾಮಾನು ಮಾತ್ರ ಸಾಗಿಸುವವರಿಗೆ ಡಿಕ್ಕಿಯೇ ತೀರ್ಪುಗಾರ.

ಕೊಂಡ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಅಮೆರಿಕದ ಹೆದ್ದಾರಿ ಪಕ್ಕದ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಅವು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್‌ನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗುತ್ತವೆ. ಪ್ರವಾಸಕ್ಕೆ ಹೊರಡುವಂತೆಯೇ ಎಲ್ಲ ತುಂಬಿಕೊಂಡು, ಜನರನ್ನೂ ಕೂರಿಸಿಕೊಂಡು, ಟ್ರೇಲರ್ ಬಿಚ್ಚಿ ಒಮ್ಮೆ, ಕಟ್ಟಿ ಒಮ್ಮೆ, ಹಿಚ್‌ನ ಸರಳುಗಳನ್ನು ಬಿಗಿದು ಮತ್ತೊಮ್ಮೆ ತೂಗಿಸಿ. ಮುಂದಿನ ಗಾಲಿಗಳು ಎಷ್ಟು ಕಳೆದುಕೊಂಡವು, ಹಿಂದಿನವು ಎಷ್ಟು ಹೊತ್ತವು, ಸರಳುಗಳು ಎಷ್ಟು ಮರಳಿಸಿದವು ಎಲ್ಲವೂ ಮೂರು ತೂಕದ ಚೀಟಿಗಳಲ್ಲಿ ಸಿಗುತ್ತದೆ. ಹಿಂದಿನ ಆಕ್ಸಲ್ ಮಿತಿಯನ್ನು ಮುಟ್ಟಿದ್ದರೆ ಡಿಕ್ಕಿಯಿಂದ ಭಾರದ ಪೆಟ್ಟಿಗೆಗಳನ್ನು ತೆಗೆದು ಟ್ರೇಲರ್‌ನ ಆಕ್ಸಲ್‌ನ ನೇರಕ್ಕೆ ಇಡಿ, ಮತ್ತೆ ತೂಗಿಸಿ, ಆಮೇಲೆ ಹೊರಡಿ.